ಎರಡು ಹಗ್ಗದ ತಂಬಿಗೆ

ಇಚಲಕರಂಜಿಯಲ್ಲಿ ದೇವರಿಗೇನಾದರೂ ಮಾತಾಡುವುದಿದ್ದರೆ ಕರೆಂಟು ಹೋಗುವ ತನಕ ಕಾಯಬೇಕು. ಮಗ್ಗಗಳ ಖಟಖಟದಲ್ಲಿ ಅವನ ದನಿ ನಮಗೆ ಕೇಳುವುದಿಲ್ಲ, ನಮ್ಮದು ಅವನಿಗೆ ಮುಟ್ಟುವುದಿಲ್ಲ. ಇಂಥ ಊರಿನಲ್ಲಿ ಐವತ್ತು ವರ್ಷ ಮಗ್ಗ ರಿಪೇರಿ ಮಾಡಿದ ನನ್ನ ಕಿವಿ ಅರ್ಧ ಹೋಗಿದೆ. ಉಳಿದರ್ಧದಲ್ಲಿ ಒಂದು ನೆನಪು ಕೂತಿದೆ. ಅದು ಸಪ್ಪಳದ ನೆನಪಲ್ಲ, ಸಪ್ಪಳ ಇಲ್ಲದ್ದರ ನೆನಪು. ತಾಮ್ರದ ಪುಟ್ಟ ತಂಬಿಗೆಯೊಂದು ಬಾವಿಯ ನೀರನ್ನು ಮುಟ್ಟುವಾಗ ಆಗದೇ ಇದ್ದ ಸಪ್ಪಳ.

ತಂಬಿಗೆ ಸೋನಾಬಾಯಿಯದು. ನಾನು ಸೋನಕ್ಕ ಎನ್ನುತ್ತಿದ್ದೆ. ಗಡಹಿಂಗ್ಲಜದ ಜೈನರ ಮನೆಯ ಮಗಳು, ಹದಿನೇಳಕ್ಕೆ ಲಗ್ನವಾಗಿ ಇಚಲಕರಂಜಿಗೆ ಬಂದವಳು. ನಾನು ಅದೇ ತಾಲೂಕಿನ ನೇಸರಿಯ ಲಿಂಗಾಯತ. ಊರಿಗೆ ಹೋಗುವ ಎಸ್‌ಟಿ ಬಸ್ಸು ಇಬ್ಬರಿಗೂ ಒಂದೇ ಆದ್ದರಿಂದ ಆಕೆ ನನ್ನನ್ನು ತವರಿನ ಕಡೆಯವನೆಂದು ತಮ್ಮನ ಸಾಲಿಗೆ ಸೇರಿಸಿಕೊಂಡಿದ್ದಳು. ನಮ್ಮ ಹಿತ್ತಲುಗಳ ನಡುವೆ ಎದೆಮಟ್ಟದ ಗೋಡೆ. ಆಚೆ ಆಕೆಯ ಬಾವಿ, ಈಚೆ ನನ್ನ ಬಾಯಿ. ಎಂಥ ಬೇಸಿಗೆಯಲ್ಲೂ ಎರಡೂ ಬತ್ತಿದ್ದನ್ನು ಓಣಿಯವರು ಕಂಡಿರಲಿಲ್ಲ.

ಸೂರ್ಯ ಕಂಡ ಮೇಲೆಯೇ ಆಕೆ ನೀರು ಸೇದುತ್ತಿದ್ದಳು. ಕೊಡದ ಬಾಯಿಗೆ ದಪ್ಪ ಬಿಳಿ ಬಟ್ಟೆಯನ್ನು ಎರಡು ಪದರು ಮಾಡಿ ಹೊದಿಸುವಳು. ಆ ಬಟ್ಟೆಯನ್ನು ಎತ್ತಿ ಹಿಡಿದರೆ ಆಚೆಯ ಸೂರ್ಯ ಕಾಣಬಾರದು, ಅಷ್ಟು ದಪ್ಪ. ಅದರೊಳಗಿಂದ ನೀರು ಇಳಿದು ಕೊಡ ತುಂಬುವಷ್ಟರಲ್ಲಿ ನಾನು ಎರಡು ಮಗ್ಗ ಬಿಚ್ಚಿ ಜೋಡಿಸಿ, ಚಹಾ ಕುಡಿದು, ಹೆಂಡತಿಯ ಜೊತೆ ಒಂದು ಜಗಳ ಮುಗಿಸಿ ಬರಬಹುದಿತ್ತು. ಆ ನೀರು ಕುಡಿದು ರೂಢಿಯಾಗಿ, ಊರಿಗೆ ಹೋದಾಗ ನೇಸರಿಯ ನೀರನ್ನು ನಾನು ಅಗಿದು ನುಂಗುತ್ತಿದ್ದೆ.

ಸೋಸುವುದನ್ನು ಎಲ್ಲರೂ ಮಾಡುತ್ತಾರೆ. ಸೋನಕ್ಕನ ನಿಜವಾದ ಕೆಲಸ ಶುರುವಾಗುತ್ತಿದ್ದುದು ಆಮೇಲೆ. ಬಟ್ಟೆಯಲ್ಲಿ ಉಳಿದದ್ದು ಆಕೆಗೆ ಕಸವಲ್ಲ, ಜೀವ. ಎಳ್ಳಿನ ಚೂರಿನಷ್ಟು ಹುಳಗಳು, ಕಣ್ಣಿಗೇ ಕಾಣದವು ಇನ್ನೆಷ್ಟೋ. ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಹನಿಸಿ, ಅವನ್ನೆಲ್ಲ ತಾಮ್ರದ ತಂಬಿಗೆಗೆ ಇಳಿಸಿಕೊಳ್ಳುವಳು. ಅದಕ್ಕೆ ಜಿವಾಣಿ ಎಂದು ಹೆಸರು. ಯಾವ ನೀರಿನಿಂದ ಬಂತೋ ಅದೇ ನೀರಿಗೆ ಅದು ವಾಪಸು ಹೋಗಬೇಕು. ಬೇರೆ ನೀರಿಗೆ ಬಿಟ್ಟರೆ ಅವು ಬದುಕುವುದಿಲ್ಲ. ಮೇಲಿಂದ ಸುರಿಯಲೂ ಬಾರದು.

ಅದಕ್ಕಾಗಿಯೇ ಆ ತಂಬಿಗೆಗೆ ಎರಡು ಹಗ್ಗ, ಒಂದು ಕುತ್ತಿಗೆಗೆ, ಇನ್ನೊಂದು ತಳದ ಕಡೆಯ ಬಳೆಗೆ. ಮೊದಲ ಹಗ್ಗದಿಂದ ನೀರಿನ ಮಟ್ಟದ ತನಕ ಇಳಿಸಿ, ತಂಬಿಗೆ ನೀರನ್ನು ಮುಟ್ಟಿದ ಮೇಲೆ ಎರಡನೆಯದನ್ನು ಸಾವಕಾಶ ಎಳೆದರೆ ಅದು ಮಗ್ಗುಲಾಗುತ್ತದೆ. ಒಳಗಿದ್ದವರು ನಡೆದುಕೊಂಡು ಮನೆಗೆ ಹೋದ ಹಾಗೆ ಹೋಗುತ್ತಾರೆ. ಲಗ್ನದಲ್ಲಿ ತಾಯಿ ಕೊಟ್ಟ ತಂಬಿಗೆ ಅದು.

"ಮ್ಯಾಲಿಂದ ಸುರದ್ರ ಏನಾಗ್ತೈತಿ ಅಕ್ಕಾ?" ಎಂದು ನಾನು ಗೋಡೆಯ ಮೇಲಿಂದ ಕೇಳಿದ್ದುಂಟು.

"ನಿನ್ನ ಮಾಳಿಗಿ ಮ್ಯಾಲಿಂದ ಒಗದ್ರ ಏನಾಗ್ತೈತಿ?"

"ನನಗೇನಾಗಂಗಿಲ್ಲ. ಕೆಳಗ ಇದ್ದಾಂವ ಸಾಯ್ತಾನ."

"ಅದಕ್ಕ ನಿನ್ನ ಯಾರೂ ಒಗದಿಲ್ಲ."

"ಕಣ್ಣಿಗೆ ಕಾಣದ ಹುಳಕ್ಕ ಇಷ್ಟ ಉಪಚಾರ. ಕಾಣೂವಂಥ ನನಗ ಒಂದ ಕಪ್ ಚಾ ಇಲ್ಲ."

"ನೀ ಬಾವ್ಯಾಗಿಂದ ಬಂದಿದ್ರ ನಿನ್ನೂ ಹಗ್ಗಾ ಕಟ್ಟಿ ಇಳಸ್ತಿದ್ದೆ ಶಂಕರಲಿಂಗಪ್ಪಾ," ಎಂದು ಹೇಳಿ ಆಕೆ ಒಳಗೆ ಹೋಗುವಳು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಚಹಾ ಬಂದಿರುತ್ತಿತ್ತು.

ಮಳೆಗಾಲದ ನಾಲ್ಕು ತಿಂಗಳು ಬಸದಿಯಲ್ಲಿ ಮುನಿಗಳು ಬಂದು ತಂಗುತ್ತಾರೆ. ಅವರ ಆಹಾರದ ಅಡಿಗೆಗೆ ನಳದ ನೀರು ನಡೆಯುವುದಿಲ್ಲ, ಬಾವಿಯದೇ ಆಗಬೇಕು. ಆಗ ಓಣಿಯ ಹೆಂಗಸರು ಹಿತ್ತಾಳೆ ಕೊಡ ಹಿಡಿದು ಸೋನಕ್ಕನ ಬಾವಿಗೆ ಸಾಲುಗಟ್ಟುವರು. ಉಳಿದ ಎಂಟು ತಿಂಗಳು ಆಕೆ ಸಾದಾ ಮನುಷ್ಯಳು. ಆ ನಾಲ್ಕು ತಿಂಗಳು ಆಕೆಯ ಕತ್ತು ಎಷ್ಟು ನೆಟ್ಟಗಿರುತ್ತಿತ್ತೆಂದರೆ ಮನೆಯ ಬಾಗಿಲು ಎತ್ತರಿಸಬೇಕಾದೀತು ಎಂದು ನನಗೆ ಚಿಂತೆಯಾಗುತ್ತಿತ್ತು.

ಮಗ ಪದ್ಮಕುಮಾರ ಎಂಟು ಮಗ್ಗ ನಡೆಸುತ್ತಿದ್ದ. ಎರಡು ಸಾವಿರದ ಹದಿನೈದರಲ್ಲಿ ಹಿತ್ತಲ ಕೊನೆಗೆ ಪತ್ರಾಸಿನ ಶೆಡ್ಡು ಹಾಕಿ ನೂಲಿಗೆ ಬಣ್ಣ ಕಾಸುವ ಕೆಲಸ ತೆಗೆದ. ದೊಡ್ಡ ಹಂಡೆಗಳು, ಉಪ್ಪು, ಸೋಡಾ, ಕುದಿಯುವ ಬಣ್ಣ. ಅವನ ಕೈ ಯಾವಾಗಲೂ ಎರಡು ಬಣ್ಣದ್ದು. ಒಮ್ಮೆ ಅವನು ನನ್ನ ಬೆನ್ನು ತಟ್ಟಿದ್ದಕ್ಕೆ ಬಿಳಿ ಅಂಗಿಯ ಮೇಲೆ ಮೂಡಿದ ಹಸಿರು ಕೈ, ಆ ಅಂಗಿ ಹರಿದು ಒರೆಸುವ ಅರಿವೆಯಾದ ಮೇಲೂ ನನ್ನನ್ನು ತಟ್ಟುತ್ತಲೇ ಇತ್ತು. ಉಳಿದ ಬಣ್ಣದ ನೀರು ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಪಂಚಗಂಗೆ ನದಿಗೆ ಹೋಗುತ್ತಿತ್ತು.

ಮರು ವರ್ಷದ ಬೇಸಿಗೆಯಲ್ಲಿ ಸೋನಕ್ಕ ಬಸದಿಯಿಂದ ಬರುವಾಗ ಹಳ್ಳದ ಕಡೆ ನೋಡಿದಳು. ಕಪ್ಪೆಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಸಣ್ಣ ಮೀನು ಎಷ್ಟೋ. ಮನೆಗೆ ಬಂದವಳು ಅನ್ನದ ತಾಟು ಸರಿಸಿದಳು.

"ಎಲ್ಲಾರೂ ಹಳ್ಳಕ್ಕ ಬಿಡ್ತಾರವ್ವಾ," ಎಂದ ಪದ್ಮಕುಮಾರ.

"ಎಲ್ಲಾರೂ ನನ್ನ ಹೊಟ್ಟ್ಯಾಗ ಹುಟ್ಟಿಲ್ಲ."

ಎರಡು ದಿನ ಆಕೆ ಉಣ್ಣಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಗೋಡೆಯ ಹತ್ತಿರ ನಮ್ಮ ಮೂವರ ಪಂಚಾಯ್ತಿ ಕೂಡಿತು. ಶೆಡ್ಡಿನ ಮಗ್ಗುಲಲ್ಲಿ ಒಂದು ಸತ್ತ ಬೋರು ಇತ್ತು. ಮೂರು ವರ್ಷದ ಹಿಂದೆ ಮಗ್ಗದವರ ಸ್ನಾನಕ್ಕೆಂದು ಕೊರೆಸಿದ್ದು. ನಾನೂರ ಇಪ್ಪತ್ತು ಅಡಿ ಇಳಿದರೂ ಬಂದದ್ದು ಬರೀ ಕಪ್ಪು ಕಲ್ಲಿನ ಹುಡಿ. ಇನ್ನು ಹತ್ತು ಅಡಿ ಹೋಗಿದ್ದರೆ ಪಾತಾಳದಿಂದ ನಾಗರಾಜ ಮೇಲೆ ಬಂದು, ನಮ್ಮ ಮಾಳಿಗೆ ಯಾಕೆ ತೂತು ಮಾಡುತ್ತೀರಿ ಎಂದು ಕೇಳುತ್ತಿದ್ದ ಅಂತ ಆಗ ನಾನು ಊರ ತುಂಬ ಹೇಳಿಕೊಂಡು ತಿರುಗಿದ್ದೆ.

ಸೋನಕ್ಕ ಆ ಬೋರಿನ ಕಡೆ ಬೆರಳು ಮಾಡಿದಳು. "ಅದರಾಗ ನೀರ ಐತೇನು?"

"ಎಲ್ಲಿದವ್ವಾ. ಹುಡಿ ಐತಿ."

"ನೀರ ಇಲ್ಲಂದಮ್ಯಾಲ ಜೀವಾನೂ ಇಲ್ಲ. ಬಣ್ಣದ ನೀರ ಅದರಾಗ ಬಿಡು. ಯಾರಿಗೂ ಹತ್ತೂದಿಲ್ಲ."

ಇಂಥ ದೊಡ್ಡ ತೊಡಕನ್ನು ಇಷ್ಟು ಸಲೀಸಾಗಿ ಯಾರೂ ಬಿಡಿಸಿರಲಿಲ್ಲ. "ಅಕ್ಕಾ, ನಿನ್ನ ಮಂತ್ರಿ ಮಾಡಬೇಕಿತ್ತು," ಎಂದೆ ನಾನು. ಮರುದಿನ ಶೆಡ್ಡಿನಿಂದ ಬೋರಿಗೆ ಪೈಪು ಜೋಡಿಸಿದವನೂ ನಾನೇ. ಮಗ್ಗದ ಕೈ ನನ್ನದು, ಒಂದು ಹನಿ ಸೋರದಂತೆ ಜೋಡಿಸಿದೆ. ಸೋನಕ್ಕ ಆ ಹೊತ್ತು ಉಂಡಳು.

ಎಷ್ಟು ಸುರಿದರೂ ಬೋರು ತುಂಬಲಿಲ್ಲ. ದಿನಾ ಹಂಡೆಗಟ್ಟಲೆ ಕುಡಿಯಿತು. ಅದಕ್ಕೂ ನಾವು ಸಂತೋಷಪಟ್ಟೆವು. ಅಷ್ಟೆಲ್ಲ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಎರಡು ಮೂರು ವರ್ಷ ಕಳೆದಿರಬೇಕು. ಒಂದು ದಿನ ಸೋನಕ್ಕ ತಂಬಿಗೆಯನ್ನು ಬಿಸಿಲಿಗೆ ಹಿಡಿದು ನನ್ನನ್ನು ಕರೆದಳು. ಮೊದಲು ಆ ತಂಬಿಗೆಯಲ್ಲಿ ಇಣುಕಿದರೆ ಚುಕ್ಕೆಗಳು ಕುಣಿಯುತ್ತಿದ್ದವು. ಈಗ ನೀರು ಕನ್ನಡಿಯ ಹಾಗೆ ಸುಮ್ಮನಿತ್ತು.

"ಒಂದೂ ಇಲ್ಲ ನೋಡು. ಸೋಸೂ ಬಟ್ಟಿ ಹಾಕಿದಾಂಗ ಖಾಲಿ ಬರಾಕತ್ತೈತಿ."

"ನೀರ ಅಷ್ಟ ಶುದ್ಧ ಆಗೇತಿ ಅಕ್ಕಾ. ಐವತ್ತ ವರ್ಷ ನೀ ಸೋಸಿದ್ದಕ್ಕ ಬಾವಿಗೇ ನಾಚಿಕಿ ಬಂದೈತಿ."

ಆಕೆ ನಕ್ಕಳು. ಬಸದಿಯಲ್ಲೂ ಈ ಮಾತು ಹಬ್ಬಿತು. ಹಿರಿಯರಾದ ಜಿನಗೊಂಡ ಪಾಟೀಲರು ತಾವೇ ಬಂದು ಬಟ್ಟೆ ನೋಡಿ ಕೈಮುಗಿದರು. ಹುಳವಿಲ್ಲದ ನೀರಿಗೆ ಊರೇ ಹಿಗ್ಗಿತು. ಬಟ್ಟೆ ಖಾಲಿಯಾಗಿದ್ದರೂ ಸೋನಕ್ಕ ಮಾತ್ರ ಜಿವಾಣಿ ಬಿಡುವುದನ್ನು ನಿಲ್ಲಿಸಲಿಲ್ಲ. ಕಣ್ಣಿಗೆ ಕಾಣದವು ಇರುತ್ತವಲ್ಲ. ದಿನಕ್ಕೆರಡು ಸಲ ಅದೇ ಎರಡು ಹಗ್ಗ, ಅದೇ ಸಾವಕಾಶ.

ಹತ್ತೊಂಬತ್ತರ ಮಹಾಪೂರದಲ್ಲಿ ಪಂಚಗಂಗೆ ಊರೊಳಗೆ ಬಂದಳು, ಇಪ್ಪತ್ತೊಂದರಲ್ಲಿ ಮತ್ತೆ ಬಂದಳು. ಎರಡು ಸಲವೂ ನಮ್ಮ ಓಣಿಯ ತನಕ ನದಿ ಏರಲಿಲ್ಲ, ಆದರೆ ಬಾವಿಯ ನೀರು ತಾನಾಗಿ ಕಟ್ಟೆಯ ಸಮೀಪಕ್ಕೆ ಎದ್ದು ಬಂದಿತ್ತು. ನೆಲದ ಕೆಳಗಿನದೆಲ್ಲ ಒಂದಾಗಿ ಕಲಕಿದ ಹಾಗೆ.

ಇಪ್ಪತ್ತೆರಡರ ಜೂನ್. ಸೋಸುವ ಬಟ್ಟೆಯನ್ನು ಗೋಡೆಯ ಮೇಲೆ ಒಣಹಾಕಿದ್ದ ಸೋನಕ್ಕ ಅದನ್ನು ತೆಗೆಯಲು ಬಂದವಳು ಹಾಗೇ ನಿಂತಳು.

"ಶಂಕರಲಿಂಗಪ್ಪಾ, ನನ್ನ ಕಣ್ಣ ಹ್ವಾದುವೇನ ನೋಡು. ಇದಕ್ಕ ಬಣ್ಣಾ ಕಾಣಾಕತ್ತೈತಿ."

ಬಟ್ಟೆಯ ಅಂಚಿನಲ್ಲಿ, ನೀರು ಕೊನೆಗೆ ಆರುವಲ್ಲಿ, ತೆಳ್ಳಗೆ ಗುಲಾಬಿ ಗೆರೆ ಇತ್ತು. "ಬಾವಿಗೆ ಈಗ ಲಗ್ನದ ಕುಂಕುಮ ಹಚ್ಚೂ ವಯಸ್ಸ ಬಂತೇನೋ," ಎಂದೆ. ಆಕೆ ನಗಲಿಲ್ಲ. ಬಟ್ಟೆ ಹಿಡಿದುಕೊಂಡು ನೆಟ್ಟಗೆ ಶೆಡ್ಡಿಗೆ ನಡೆದಳು. ನಾನೂ ಗೋಡೆ ಹಾರಿ ಹಿಂದೆ ಹೋದೆ. ಎಪ್ಪತ್ತೈದರಲ್ಲಿ ಗೋಡೆ ಹಾರಿದ್ದನ್ನು ಬೇರೆ ದಿನವಾದರೆ ವರ್ಷಗಟ್ಟಲೆ ಹೇಳಿಕೊಳ್ಳುತ್ತಿದ್ದೆ.

ಆ ವಾರ ಅಲ್ಲಿ ರಾಣಿ ಬಣ್ಣ, ಅಂದರೆ ಗಾಢ ಗುಲಾಬಿ, ಕಾಸುತ್ತಿದ್ದರು. ಬಿದಿರಿನ ಮೇಲೆ ನೂಲಿನ ಲಡಿಗಳು ಸಾಲಾಗಿ ತೂಗುತ್ತಿದ್ದವು. ಸೋನಕ್ಕ ಬಟ್ಟೆಯ ಅಂಚನ್ನು ಒಂದು ಲಡಿಗೆ ತಾಗಿಸಿ ಹಿಡಿದಳು. ಅದು ಗಾಢ, ಇದು ತೆಳು. ಬಣ್ಣ ಒಂದೇ.

ಪದ್ಮಕುಮಾರ ಹಂಡೆಯ ಹತ್ತಿರದಿಂದ ಎದ್ದು ಬಂದ. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವನು ಹೋಗಿ ಪೈಪಿನ ಕೀಲಿ ತಿರುಗಿಸಿ ಮುಚ್ಚಿದ. ಸೋನಕ್ಕ ಅಲ್ಲೇ ನೂಲಿನ ಗಂಟಿನ ಮೇಲೆ ಕೂತಳು.

"ಎಷ್ಟ ವರ್ಷಾತು ಬಿಡಾಕ ಹತ್ತಿ?"

"ಆರು."

"ನಾವ ಕುಡದದ್ದು ಇರ್ಲಿ ಪದ್ಮಾ. ನಮಗ ಬಾಯಿ ಐತಿ, ದವಾಖಾನಿ ಐತಿ." ಆಕೆ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಅವಕ್ಕ ಪೆಟ್ಟಾಗಬಾರದಂತ ನಾ ಎಷ್ಟ ಸಾವಕಾಶ ಇಳಸ್ತಿದ್ದೆ."

ನಾನು ಬಗ್ಗಿ ಪೈಪಿನ ಕೀಲಿಯನ್ನು ಇನ್ನೊಮ್ಮೆ ಬಿಗಿ ಮಾಡಿದೆ.

ಮುಂದಿನ ತಿಂಗಳು ಮುನಿಗಳು ಬಂದರು. ಮೊದಲ ದಿನದ ನೀರಿಗೆ ಹೆಂಗಸರು ಬರುವ ಹೊತ್ತು. ಸೊಸೆ ಋತುಜಾ ಒಳ್ಳೆಯ ಹುಡುಗಿ, ಅತ್ತೆಯ ಮರ್ಯಾದೆ ಉಳಿಸಲು ನೋಡಿದಳು. "ಅತ್ತಿ, ಬಾವಿ ರಾಟಿ ಮುರದೈತಿ ಅಂದ್ಬಿಡೂಣು. ಈ ನಾಲ್ಕ ತಿಂಗಳ ದಾಟ್ಲಿ. ಆಮ್ಯಾಲ ಹೇಳಿದ್ರಾತು."

ಸೋನಕ್ಕ ಸೆರಗು ಸರಿಮಾಡಿಕೊಂಡು ಬಾವಿಕಟ್ಟೆಯ ಮೇಲೆ ಹೋಗಿ ನಿಂತಳು. ಜಿನಗೊಂಡ ಪಾಟೀಲರನ್ನು ಮುಂದೆ ಮಾಡಿಕೊಂಡು ಹನ್ನೆರಡು ಹೆಂಗಸರು ಹಿತ್ತಲಿಗೆ ಬಂದರು. ಕೊಡಗಳು ಬಂಗಾರದ ಹಾಗೆ ಹೊಳೆಯುತ್ತಿದ್ದವು.

"ಈ ನೀರ ಬ್ಯಾಡ್ರಿ," ಎಂದಳು ಸೋನಕ್ಕ.

ಮುಂದಿದ್ದ ಮರಾಠಿ ಮಾತಿನ ಹುಡುಗಿ ಬಾವಿಯಲ್ಲಿ ಇಣುಕಿ, "ಆಜಿ, ಪಾಣೀ ತರ ಸ್ವಚ್ಛ ದಿಸತಯ," ಎಂದಳು. ನೀರು ಚೊಕ್ಕಟ ಕಾಣಿಸುತ್ತದಲ್ಲ ಎಂದು.

"ಸ್ವಚ್ಛ ಕಾಣ್ತೈತಿ. ಅದರಾಗ ಒಂದ ಹುಳಾ ಬದುಕಂಗಿಲ್ಲ. ಬಣ್ಣದ ನೀರ ಕೂಡೇತಿ."

ಪಾಟೀಲರ ಮುಖ ಕಪ್ಪಿಟ್ಟಿತು. "ಯಾರ ಬಿಟ್ಟಾರ್ರಿ ಸೋನಾಬಾಯಿ ಅದನ್ನ? ಹೆಸರ ಹೇಳ್ರಿ, ನಾ ನೋಡ್ಕೋತೇನಿ."

"ನನ್ನ ಮಗ ಬಿಟ್ಟಾನ. ಬಿಡು ಅಂತ ನಾ ಹೇಳೇನಿ."

ಪೈಪು ಜೋಡಿಸಿದವನು ಗೋಡೆಯ ಈಚೆ ನಿಂತಿದ್ದ. ಆಕೆ ಅವನ ಹೆಸರು ಹೇಳಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಅವನ ಬಾಯಿ ಆ ದಿನ ಮೊದಲ ಸಲ ಬತ್ತಿತು.

ಹೆಂಗಸರು ಖಾಲಿ ಕೊಡ ಹಿಡಿದು ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಸೋನಕ್ಕನಿಗೆ ಹಗುರಾಗುತ್ತಿತ್ತು. ಆಕೆ ಸಂಜೆ ಮುನಿಗಳ ಮುಂದೆ ಹೋಗಿ ಎಲ್ಲ ಹೇಳಿ ಪ್ರಾಯಶ್ಚಿತ್ತ ಕೇಳಿದಳು. ಅವರು ಕೆಲವು ಉಪವಾಸ, ಒಂದಿಷ್ಟು ಜಪ ಹೇಳಿದರು. "ಭಾಳ ಕಡಿಮಿ ಹೇಳ್ಯಾರ," ಎಂದು ಆಕೆ ನನ್ನ ಮುಂದೆ ದೂರಿದಳು.

ಆ ತಿಂಗಳೇ ಪದ್ಮಕುಮಾರ ಶೆಡ್ಡು ಕೀಳಿಸಿದ. ಕಾಲೇಜಿನಿಂದ ಒಬ್ಬ ಮಾಸ್ತರರನ್ನು ಕರೆಸಿ ಬಾವಿಯ ನೀರು ತೋರಿಸಿದ. ಅವರು ಸೀಸೆಯಲ್ಲಿ ತುಂಬಿಕೊಂಡು ಹೋಗಿ ಎಂಟು ದಿನಕ್ಕೆ ಬಂದರು. ನಮ್ಮ ಕಪ್ಪು ಕಲ್ಲಿನ ತುಂಬ ಬಿರುಕುಗಳು, ನೀರಿಗೆ ಅವೇ ದಾರಿ, ಒಂದು ಮನೆಯಲ್ಲಿ ಸುರಿದದ್ದು ಇನ್ನೊಂದು ಮನೆಯಲ್ಲಿ ಏಳುತ್ತದೆ ಎಂದು ತಿಳಿಸಿ ಹೇಳಿದರು.

"ಆ ಬೋರಿನಾಗ ನೀರ ಇರಲಿಲ್ರಿ," ಎಂದಳು ಸೋನಕ್ಕ.

"ನೀರ ಸಿಕ್ಕಿರಲಿಲ್ಲ ಆಜಿ. ನೀರಿನ ದಾರಿ ಇತ್ತು."

"ಮತ್ತ ಯಾವಾಗ ಮೊದಲಿನಾಂಗ ಆಗ್ತೈತಿ?"

"ಬಣ್ಣ ಹೋದೀತು. ಉಪ್ಪು ಉಳೀತೈತಿ. ಮಳಿ ತೊಳದಷ್ಟ ತೊಳೀತೈತಿ. ಎಷ್ಟ ವರ್ಷ ಅಂತ ನಾ ಹೇಳಲಾರೆ."

ನಾಗರಾಜನ ಮಾಳಿಗೆ ಎಂದು ನಾನು ತಮಾಷೆ ಮಾಡಿಕೊಂಡು ತಿರುಗಿದ್ದೆ. ಅದು ನಿಜವಾಗಿ ಯಾರದೋ ಮಾಳಿಗೆಯಾಗಿತ್ತು.

ಮಳೆ ತೊಳೆಯುವುದಾದರೆ ಬೇಗ ತೊಳೆಯಲಿ ಎಂದು ಸೋನಕ್ಕ ಮಾಳಿಗೆಯ ಮೇಲಿನ ಮಳೆನೀರೆಲ್ಲ ಬಾವಿಗೆ ಇಳಿಯುವಂತೆ ಮಾಡಿಸಿದಳು. ಆ ಪೈಪನ್ನೂ ನಾನೇ ಜೋಡಿಸಿದೆ. ಮೊದಲ ಮಳೆಗೆ ಬಾವಿಕಟ್ಟೆಯ ಹತ್ತಿರ ಕೊಡೆ ಹಿಡಿದು ನಿಂತು ಆಕೆ ನೀರು ಬೀಳುವುದನ್ನು ನೋಡಿದಳು. "ಮ್ಯಾಲಿಂದ ಬೀಳಾಕತ್ತೈತಿ," ಎಂದಳು. "ಕೆಳಗ ಯಾರರ ಇದ್ರ ಪೆಟ್ಟ ಹತ್ತತೈತಿ." ಆಮೇಲೆ ತಾನೇ, "ಇನ್ನ ಯಾರ ಅದಾರ ಅಲ್ಲಿ," ಎಂದಳು.

ಕುಡಿಯಲು ಈಗ ನಳದ ನೀರು. ಅದನ್ನೂ ಸೋಸಿದಳು. ಆದರೆ ಅದರ ಜಿವಾಣಿ ಎಲ್ಲಿಗೆ ಹೋಗಬೇಕು? ನಳಕ್ಕೆ ವಾಪಸು ಹಾಕಲು ಬರುವುದಿಲ್ಲ. ನಳದ ನೀರು ನದಿಯದು ಎಂದು ಪದ್ಮಕುಮಾರ ಆಕೆಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನದಿಯ ಮೆಟ್ಟಿಲುಗಳಿಗೆ ಕರೆದೊಯ್ದ. ಒಂದು ದಿನ ನಾನೂ ಹೋಗಿದ್ದೆ. ನದಿಯ ಮೇಲೆ ಜಲಪರ್ಣಿ ಕಳೆ ಎಷ್ಟು ಒತ್ತಾಗಿ ಬೆಳೆದಿತ್ತೆಂದರೆ ನೇಸರಿಯ ಎಮ್ಮೆಗಳಾದರೆ ಹೊಲವೆಂದು ತಿಳಿದು ನಡೆದು ದಾಟುತ್ತಿದ್ದವು. ಎಲೆಗಳ ನಡುವೆ ಕಂಡಷ್ಟು ನೀರು ಕಪ್ಪಗಿತ್ತು. ಸತ್ತ ಮೀನಿನ ವಾಸನೆ. ಸೋನಕ್ಕ ಕೊನೆಯ ಮೆಟ್ಟಿಲ ಮೇಲೆ ತಂಬಿಗೆ ಹಿಡಿದು ಕೂತಳು. ತಾಸಾಯಿತು, ಕೈ ಬಾಗಲಿಲ್ಲ.

"ಬಿಡು ಅಕ್ಕಾ, ಬಿಸಲ ಆತು."

"ಬಿಟ್ರ ಸಾಯ್ತಾವ. ಇಟಗೊಂಡ್ರೂ ಸಾಯ್ತಾವ. ನೀನರ ಹೇಳು, ಎಲ್ಲಿ ಬಿಡ್ಲಿ?"

ನನ್ನ ತಂಗಿ ಗೌರವ್ವನ ಬಾವಿ ನೇಸರಿಯಲ್ಲಿದೆ, ಅಲ್ಲಿ ಬಿಡೋಣ ಎಂದೆ. ಹೇಳುತ್ತಿರುವಾಗಲೇ ನನಗೆ ಗೊತ್ತಿತ್ತು. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕುವುದಿಲ್ಲ ಎಂದು ಆಕೆಯೇ ನನಗೆ ಕಲಿಸಿದ್ದು. ಕೊನೆಗೆ ಆಕೆ ಎಲೆಗಳನ್ನು ಸರಿಸಿ, ಕಣ್ಣು ಮುಚ್ಚಿ, ತಂಬಿಗೆ ಮಗ್ಗುಲು ಮಾಡಿದಳು.

ಅಂದಿನಿಂದ ಆಕೆ ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ಮುಂಜಾನೆ ಒಂದು ಬಟ್ಟಲು, ಸೂರ್ಯ ಮುಳುಗುವ ಮೊದಲು ಒಂದು ಬಟ್ಟಲು. ಕಡಿಮೆ ಕುಡಿದರೆ ಕಡಿಮೆ ಸೋಸಬೇಕು, ಕಡಿಮೆ ಸೋಸಿದರೆ ಕಡಿಮೆ ಸಾಯುತ್ತವೆ. ಋತುಜಾ ಅತ್ತಳು, ಪದ್ಮಕುಮಾರ ಕಾಲು ಹಿಡಿದ, ನಾನು ಗೋಡೆಯ ಮೇಲಿಂದ ನಗಿಸಲು ನೋಡಿದೆ.

"ಅಕ್ಕಾ, ನನ್ನ ಹೊಟ್ಟ್ಯಾಗಿನ ಜಂತ ನಿನ್ನ ಕಡೆ ಕಳಸ್ಲ್ಯಾ? ಒಂದೀಟ ಸಾಕ್ತೀಯೇನ?"

"ಅವರ ಪುಣ್ಯಾ ದೊಡ್ಡದು. ನಿನ್ನ ಹೊಟ್ಟ್ಯಾಗ ಬಣ್ಣಾ ಬಿಟ್ಟಿಲ್ಲ ಯಾರೂ."

ಆಕೆ ಆಡಿದ ಕೊನೆಯ ಚೇಷ್ಟೆ ಅದು. ಇಪ್ಪತ್ನಾಲ್ಕರ ಏಪ್ರಿಲ್‌ನಲ್ಲಿ ಮೈ ಒಣಗಿ, ಮೂತ್ರಪಿಂಡಗಳು ಸೋತವು. ಸಲೈನ್ ಬಾಟ್ಲಿ ಹಚ್ಚಲು ಬಂದ ಡಾಕ್ಟರರಿಗೆ, ಅದನ್ನು ಸೋಸಿದ್ದೀರಾ ಎಂದು ಕೇಳಿದಳಂತೆ. ಅವರು ಹೌದ್ರಿ ಅಂದರಂತೆ. ಉಳಿದದ್ದನ್ನು ಎಲ್ಲಿ ಬಿಟ್ಟಿರಿ ಎಂದು ಆಕೆ ಮುಂದೆ ಕೇಳಿದಳಂತೆ. ಎಪ್ಪತ್ತೇಳನೆಯ ವರ್ಷಕ್ಕೆ ಸೋನಕ್ಕ ಹೋದಳು.

ಹನ್ನೆರಡು ದಿನ ಕಳೆದ ಮೇಲೆ ಋತುಜಾ ತಂಬಿಗೆಯನ್ನೂ ಬಿಳಿ ಬಟ್ಟೆಯನ್ನೂ ತಂದು ಗೋಡೆಯ ಮೇಲಿಟ್ಟಳು. "ಕಾಕಾ, ನಮ್ಮ ಕಣ್ಣಿಲೆ ನೋಡಾಕ ಆಗವಲ್ದು," ಎಂದಳು.

ಅಂದಿನಿಂದ ಸೋಮವಾರಕ್ಕೊಮ್ಮೆ, ಸೂರ್ಯ ಕಂಡ ಮೇಲೆ, ನಾನು ಆ ಬಾವಿಯಿಂದ ಒಂದು ಕೊಡ ಸೇದುತ್ತೇನೆ. ಕುಡಿಯುವುದಕ್ಕಲ್ಲ. ಎರಡು ಪದರು ಮಾಡಿ ಸೋಸುತ್ತೇನೆ, ಬಟ್ಟೆ ಮಗುಚಿ ತಂಬಿಗೆಗೆ ತೊಳೆಯುತ್ತೇನೆ, ಬಿಸಿಲಿಗೆ ಹಿಡಿದು ಇಣುಕುತ್ತೇನೆ. ಗುಲಾಬಿ ಗೆರೆ ಮೊದಲ ಮಳೆಗಾಲಕ್ಕೇ ಹೋಗಿತ್ತು. ಮಿಕ್ಕಿದ್ದೇನೂ ಬದಲಾಗಲಿಲ್ಲ. ತಂಬಿಗೆಯಲ್ಲಿ ನನ್ನ ಮುಖ ಬಿಟ್ಟು ಬೇರೆ ಪ್ರಾಣಿ ಕಾಣಲಿಲ್ಲ.

ಈ ಶ್ರಾವಣದಲ್ಲಿ, ಎಂಟು ದಿನ ಬಿಡದೆ ಸುರಿದ ಮಳೆ ನಿಂತ ಸೋಮವಾರ, ತಂಬಿಗೆಯ ತಳದಲ್ಲಿ ಏನೋ ಅಲುಗಿತು. ನನ್ನ ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಿಲ್ಲ. ಹತ್ತಿಯ ಎಳೆಯೂ ಇರಬಹುದು. ಈ ಊರಿನ ಗಾಳಿಯಲ್ಲಿ ಹತ್ತಿ ಹಾರುತ್ತಲೇ ಇರುತ್ತದೆ. ಜೀವಮಾನವೆಲ್ಲ ಇಲ್ಲದ್ದನ್ನು ಇದೆ ಎಂದು, ಇದ್ದದ್ದನ್ನು ಹತ್ತುಪಟ್ಟು ಎಂದು ಹೇಳಿದ ಬಾಯಿ ನನ್ನದು. ಆದ್ದರಿಂದ ಪದ್ಮಕುಮಾರನನ್ನು ಕರೆದು ತೋರಿಸಲಿಲ್ಲ. ಅವನು ಇಣುಕಿ, ಎಳೆ ಐತಿ ಕಾಕಾ, ಅಂದರೆ?

ಅಲ್ಲೇ ಹುಟ್ಟಿದ್ದಾದರೆ ಅಲ್ಲೇ ಬದುಕೀತು. ಎರಡೂ ಹಗ್ಗ ಹಿಡಿದು ಇಳಿಸತೊಡಗಿದೆ. ಭಾಳ ಹೊತ್ತು ಹಿಡಿಯಿತು. ತಂಬಿಗೆ ನೀರು ಮುಟ್ಟಿದಾಗ ಸಪ್ಪಳ ಆಯಿತೋ ಇಲ್ಲವೋ, ನನ್ನ ಕಿವಿಗೆ ಗೊತ್ತಾಗಲಿಲ್ಲ.